ನೀರಿಳಿದಾಗ ಏಳುವ ಖಡಿ ರಸ್ತೆ

ಆಣೆಕಟ್ಟಿನ ನೀರು ನಮ್ಮ ಊರನ್ನು ನುಂಗಿದ ಮೇಲೂ ಬೇಸಿಗೆಯಲ್ಲಿ ಎರಡು ತಿಂಗಳು ಅದನ್ನು ವಾಪಸು ಕೊಡುತ್ತಿತ್ತು. ಕೊಟ್ಟದ್ದಾದರೂ ಏನು, ಗೋಡೆಯಿಲ್ಲದ ಪಾಯಗಳು, ಹೂಳು ತುಂಬಿದ ಬಾವಿ, ಒಣಗಿ ಕರ್ರಗಾದ ಜಾಲಿ ಗಿಡಗಳು. ಸವದತ್ತಿಗೆ ಹೋಗುವ, ಜಲ್ಲಿಕಲ್ಲು ಹಾಸಿದ ಹಳೆಯ ಖಡಿ ರಸ್ತೆ ಮಾತ್ರ ಹೋದ ಹಾಗೆಯೇ ಎದ್ದು ಬರುತ್ತಿತ್ತು. ಹೊಸ ರಸ್ತೆಯನ್ನು ನೀರಿನ ಸುತ್ತ ಹಾಕಿದ್ದರು, ಅದರಲ್ಲಿ ಹೊರಟರೆ ಅರ್ಧ ದಿನ ಬೇಕು. ಹಳೆಯದು ಬಯಲಿನ ನಡುವೆ ನೆಟ್ಟಗೆ ಹೋಗಿ, ಮಲಪ್ರಭೆಯ ಸಣ್ಣ ಧಾರೆ ದಾಟಿ, ಆಚೆ ದಂಡೆ ಹತ್ತುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತಿದು. ನಾನು ಮುರಗೋಡದ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಕಲಿಸುವ ಸಾಲಿ ಅಕ್ಕೋರು. ಬೈಲಹೊಂಗಲದಿಂದ ಹಳೆಯದೊಂದು ಲೇಡೀಸ್ ಸೈಕಲ್ಲು ತಂದು, ಹಿಂದೆ ಕ್ಯಾರಿಯರ್ ಹಿಡಿದು ಓಡಿ ಕಲಿಸಿದವನು ಅಪ್ಪನೇ. ಊರ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ಹೆಣ್ಣ ಹುಡುಗಿ ಸಾಯಿಕಲ್ ಹೊಡಿತಾಳ, ಕಲಿಗಾಲ ಬಂತ ನೋಡ್ರಿ" ಅಂದ ಮುದುಕಿಗೆ ನಾನು, "ನಿಮ್ಮ ಸೊಸಿನ್ನೂ ಕಳಸ್ರಿ ಆಯಿ, ಕಲಸತೇನಿ. ನಿಮ್ಮ ಕಾಟ ತಾಳಲಾರದ ದಿನಾ ಆಕಿಗೂ ಓಡಿ ಹೋಗಾಕ ಬೇಕಾಕ್ಕೈತಿ" ಅಂದೆ. ಅಪ್ಪ ಬೈಯಲಿಲ್ಲ, ಮೀಸೆಯೊಳಗೇ ನಕ್ಕ. ನನ್ನ ನಾಲಿಗೆ ಅವನದೇ.

ಬೇಸಿಗೆ ಬಂತೆಂದರೆ ನಾನು ಸವದತ್ತಿಗೆ ಆ ಖಡಿ ರಸ್ತೆಯಲ್ಲೇ ಸೈಕಲ್ ಹೊಡೆಯುತ್ತಿದ್ದೆ. ಖಡಿ ಮೇಲೆ ಬ್ರೇಕ್ ಹಿಡಿಯಬಾರದು, ಹಿಡಿದರೆ ಜಾರಿತು ಅಂತಲೇ ಲೆಕ್ಕ. ಹಳೆಯ ಚಕ್ಕಡಿ ಜಾಡು ಹಿಡಿದು ಒಂದೇ ಸಮ ತುಳಿಯಬೇಕು. ಎರಡೂ ಕಡೆ ಬಿರುಕು ಬಿಟ್ಟ ಎರಿ ಮಣ್ಣು, ಬೆಳ್ಳಗೆ ಸತ್ತು ಬಿದ್ದ ಬಸವನಹುಳುಗಳು, ಮೀನಿನ ಕೊಳೆತ ವಾಸನೆ. ನನಗೆ ಆ ಬಯಲು ಯಾವತ್ತೂ ಚಂದ ಕಂಡಿಲ್ಲ. ಹಾದಿ ಅರ್ಧ ಉಳಿಯುತ್ತದೆ ಅಂತ ಹೋಗುತ್ತಿದ್ದೆ, ಅಷ್ಟೇ.

ಅಪ್ಪನಿಗೆ ಹಾಗಲ್ಲ. ನಮ್ಮ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ನೀರು ಬರುವ ಮೊದಲೇ ತೀರಿಕೊಂಡ ಅವ್ವ ನಮ್ಮ ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಬುಡಕ್ಕೆ ಇದ್ದಳು. ಪಕ್ಕದಲ್ಲಿ ತನಗಂತ ಅಪ್ಪ ಒಂದು ಜಾಗ ಬಿಟ್ಟಿದ್ದ. ಹೊಲ ಮುಳುಗುತ್ತದೆ ಅಂತ ಸಾರಿದಾಗ ಅವನು ಮನೆಗಾಗಿ ಅಳಲಿಲ್ಲ, ಬಾವಿಗಾಗಿ ಅಳಲಿಲ್ಲ. ಆ ಜಾಗದ ಮಾತು ಬಂದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಬೇಸಿಗೆಯ ಕೊನೆಗೆ, ಮುಳುಗಿದವರಿಗೆಂದು ಎತ್ತರದಲ್ಲಿ ಕಟ್ಟಿದ ಹೊಸ ಊರಿನಲ್ಲಿ ವಾಂತಿ ಭೇದಿ ಎದ್ದಿತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಒಂದು ರಾತ್ರಿಯಲ್ಲಿ ಅಪ್ಪನ ಕಣ್ಣು ಒಳಗೆ ಹೋದವು, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಸವದತ್ತಿಯ ದವಾಖಾನೆಯಲ್ಲಿ ಸಲೈನ್ ಹಚ್ಚಿದರೆ ಬದುಕುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಬೆಳಗಿನ ಬಸ್ಸು ಬಂದಿರಲಿಲ್ಲ. ಅಪ್ಪ ಬರುವುದಿಲ್ಲ ಅಂತ ಹಟ ಹಿಡಿದ. ನಾನು ಕೈ ಮುಗಿದೆ, ಬೈದೆ, ಅತ್ತೆ. ಕಡೆಗೆ ಕಣ್ಣು ಮುಚ್ಚಿಕೊಂಡೇ, "ಹಳೇ ಹಾದಿಲೆ ಒಯ್ಯೂದಾದರ ಬರತೇನಿ" ಅಂದ.

ನನಗೂ ಬೇಕಾದದ್ದು ಅದೇ. ಕ್ಯಾರಿಯರ್ ಮೇಲೆ ಕೌದಿ ಮಡಚಿ ಹಾಕಿ ಕೂಡಿಸಿಕೊಂಡು ಹೊರಟೆ. ಖಡಿಯ ಮೇಲೆ ಗಾಲಿ ಕುಣಿದಂತೆಲ್ಲ ಅವನ ಹಣೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಬಡಿದಾಗ ಅಪ್ಪ ಇದ್ದಾನೆ ಅಂತ ಧೈರ್ಯ, ಬಡಿಯದಿದ್ದರೆ "ಯಪ್ಪಾ, ಮಾತಾಡಪಾ" ಅನ್ನುತ್ತಿದ್ದೆ. "ಹೂಂ" ಅನ್ನುತ್ತಿದ್ದ.

ನಮ್ಮ ಹೊಲದ ಹತ್ತಿರ ಬಂದಾಗ "ಒಂದೀಟ ನಿಂದರಸು" ಅಂದ. ನೀರಡಿಕೆಯಾಗಿದೆ ಅಂದುಕೊಂಡು ಇಳಿಸಿದೆ. ತಂಬಿಗೆಯ ನೀರು ಮುಟ್ಟಲಿಲ್ಲ. ಅಂಬೆಗಾಲಿಕ್ಕಿಕೊಂಡು ಆ ಸತ್ತ ಬೇವಿನ ಬುಡಕ್ಕೆ ಹೋಗಿ, ಅವ್ವನ ಪಕ್ಕದ ಜಾಗದಲ್ಲಿ ಬೆನ್ನು ಹಚ್ಚಿ ಕೂತ.

"ಇನ್ನ ನೀ ಹೋಗ ಯವ್ವಾ" ಅಂದ.

ನನಗೆ ಆಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. "ದವಾಖಾನಿಗೆ ಬರತೇನಿ ಅಂತ ಮಾತ ಕೊಟ್ಟಿದ್ದೆಲ್ಲಾ!"

"ಹಾದಿ ಅಷ್ಟ ಮಾತಾಡೇನಿ. ದವಾಖಾನಿ ಹೆಸರ ಎಲ್ಲಿ ತಗದೇನಿ?" ಆ ಸ್ಥಿತಿಯಲ್ಲೂ ನಾಲಿಗೆ ಚುರುಕಾಗಿತ್ತು. ಆಮೇಲೆ ದನಿ ಇಳಿಸಿ ಹೇಳಿದ: "ಸಿಟ್ಟಾಗಬ್ಯಾಡ. ಈಗ ನೆಲಾ ಒಣಗೇತಿ. ಮಳಿ ಹಿಡದ್ವು ಅಂದ್ರ ಮುಗೀತು. ಈಗ ಸತ್ತರ ನಿಮ್ಮವ್ವನ ಬಾಜೂಕ ಮಣ್ಣ ಸಿಗತೈತಿ. ಇಷ್ಟ ಒಂದ ನಡಸಿಕೊಡು."

"ನೀ ಹೋದರ ನನಗ್ಯಾರ ಅದಾರ?"

"ನಿನಗ ಸಾಲಿ ಐತಿ, ಪಗಾರ ಐತಿ, ವಯಸ್ಸ ಐತಿ. ನನಗೇನೈತಿ ಹೇಳು. ಇದೊಂದ ಜಾಗಾ. ಅದೂ ವರ್ಷಾ ಎರಡ ತಿಂಗಳ."

ಆದರೆ ಜೀವಂತ ಅಪ್ಪನನ್ನು ಬಯಲಿನಲ್ಲಿ ಬಿಟ್ಟು ಹೋಗು ಅಂದರೆ ಯಾವ ಮಗಳು ಹೋದಾಳು? ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಅವನು ಸತ್ತ ಬೇರನ್ನು ಹಿಡಿದುಕೊಂಡ, ಬೆರಳು ಒಂದೊಂದಾಗಿ ಬಿಡಿಸಿದೆ. ಅವನ ರುಮಾಲು ಬಿಚ್ಚಿ, ಅದರಿಂದಲೇ ಅವನನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡು ಸೈಕಲ್ ಹತ್ತಿದೆ. ಎಂದೂ ನನಗೆ ಕೆಟ್ಟ ಮಾತಾಡದ ಅಪ್ಪ ಅವತ್ತು ಬೈದ. "ನಿನ್ನ ಕೈ ಸೇದಿ ಹೋಗಲಿ" ಅಂದ. ನಾನು ತುಳಿಯುತ್ತಲೇ ಇದ್ದೆ.

ಹೊಳೆಯ ಧಾರೆಯಲ್ಲಿ ಗಾಲಿ ಉಸುಕಿನಲ್ಲಿ ಹೂತುಕೊಂಡವು. ಕುರಿ ಮೇಯಿಸುತ್ತಿದ್ದ ಒಬ್ಬಾತ ಓಡಿ ಬಂದ. ಅಪ್ಪ ಅವನಿಗೆ, "ಈಕಿ ನನ್ನ ಕಟಗೊಂಡ ಹೊಂಟಾಳ, ಬಿಡಸೋ ತಮ್ಮಾ" ಅಂದ. ಅವನು ನನ್ನ ಮುಖ ನೋಡಿದ, ರುಮಾಲಿನ ಗಂಟು ನೋಡಿದ. "ಏನ್ರಿ ಅಕ್ಕಾರ ಇದು?" "ಮೊದಲ ದೂಡ್ರಿ, ಆಮ್ಯಾಲ ಕೇಳೂವಂತ್ರಿ" ಅಂದೆ. ಪುಣ್ಯಾತ್ಮ, ಆಚೆ ದಂಡೆ ಹತ್ತಿಸಿದ ಮೇಲೂ ಏನೂ ಕೇಳಲಿಲ್ಲ.

ಸಲೈನ್ ಹಚ್ಚಿದರು. ಅಪ್ಪ ಬದುಕಿದ. ಡಾಕ್ಟರರು, "ಇನ್ನೊಂದು ತಾಸು ತಡವಾಗಿದ್ದರೆ ಕಷ್ಟ ಇತ್ತು" ಅಂದರು. ನಾನು ಹಿಗ್ಗಿನಿಂದ ಅಪ್ಪನ ಕಡೆ ತಿರುಗಿದರೆ, ಅವನು ಗೋಡೆಯ ಕಡೆ ಹೊರಳಿದ್ದ.

ಆಮೇಲೆ ಅವನು ಆ ಸೈಕಲ್ಲಿನ ಮೇಲೆ ಕೂಡಲಿಲ್ಲ. ನನ್ನ ಕೂಡ "ಅನ್ನ ಹಾಕು", "ದೀಪ ಹಚ್ಚು" ಇಷ್ಟೇ ಮಾತು. ಊರವರೆಲ್ಲ, "ಗಂಡು ಮಗನೂ ಮಾಡತಿದ್ದಿಲ್ಲ ಬಿಡು" ಅಂತ ನನ್ನನ್ನು ಹೊಗಳುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮುಂದಿನ ಬೇಸಿಗೆ ನೀರು ಇಳಿದ ದಿನದಿಂದ ರೊಟ್ಟಿ ಕಟ್ಟಿಕೊಂಡು ನಡೆದೇ ಹೊಲಕ್ಕೆ ಹೋಗಿ ಬೇವಿನ ಬುಡದಲ್ಲಿ ಕೂಡುತ್ತಿದ್ದ. ಹೊತ್ತು ಮುಳುಗಿದ ಮೇಲೆ ವಾಪಸು ಬರುತ್ತಿದ್ದ. ಆ ಬಿಸಿಲಿಗೆ ಒಂದು ನೆಗಡಿ ಕೂಡ ಬರಲಿಲ್ಲ ಅವನಿಗೆ. ಸಾವು ಕರೆದಾಗ ಬರುವ ಬೀಗರಲ್ಲವಲ್ಲ.

ಹಾಸಿಗೆ ಹಿಡಿದದ್ದು ಅದೇ ವರ್ಷದ ಶ್ರಾವಣದಲ್ಲಿ, ಹೊರಗೆ ಮಳೆ ಬಿಡದೆ ಸುರಿಯುತ್ತಿದ್ದಾಗ. ಎದೆಯಲ್ಲಿ ಕಫ, ಮೈ ಬೆಂಕಿ. ಒಂದು ಮಧ್ಯಾಹ್ನ ನನ್ನನ್ನು ಕರೆದ. "ನೀರ ಎಲ್ಲಿತನಕಾ ಬಂದಾವ ನೋಡ್ಕೊಂಡ ಬಾ."

ಹೋಗಿ ನೋಡಿ ಬಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ತುಂಬೇತಪಾ. ಬೇವಿನ ತುದಿನೂ ಕಾಣವಲ್ದು."

ಎಷ್ಟೋ ತಿಂಗಳ ಮೇಲೆ ನನ್ನ ಕೈ ಹಿಡಿದುಕೊಂಡ. "ಯಾವಾಗ ಇಳಿತಾವ?"

"ಯುಗಾದಿ ದಾಟಬೇಕು."

"ಹಂಗಾರ ಅಲ್ಲಿತನಕಾ ನನ್ನ ಬದಕಸ ಯವ್ವಾ. ಅವತ್ತ ಬದಕಿಸಿದೆಲ್ಲಾ."

ಹೂಂ ಅಂದೆ. ಸುತ್ತಿನ ರಸ್ತೆಯ ಬಸ್ಸಿನಲ್ಲಿ ಸವದತ್ತಿಗೆ ಒಯ್ದೆ, ಅಲ್ಲಿ ಆಗದಾಗ ಧಾರವಾಡಕ್ಕೆ ಒಯ್ದೆ. ಅವನೂ ನನ್ನ ಜೊತೆ ದುಡಿದ. ಕೊಟ್ಟ ಔಷಧಿ ಕುಡಿದ, ಸೇರದಿದ್ದರೂ ಗಂಜಿ ನುಂಗಿದ, ಬೆಳಗಾದರೆ ನೀರು ಇಳಿಯಿತೇ ಅಂತ ಕೇಳಿದ. ದೀಪಾವಳಿಯ ತನಕ ಉಳಿಸಿಕೊಂಡೆ, ಮುಂದೆ ನನ್ನ ಕೈಲಿ ಆಗಲಿಲ್ಲ. ಹೊಸ ಊರಿನ ಹಿಂದೆ, ಯಾರ ಹೊಲವೂ ಅಲ್ಲದ, ಬರೀ ಕಲ್ಲು ಗರಸಿನ ನೆಲದಲ್ಲಿ ಅವನನ್ನು ಒಬ್ಬನನ್ನೇ ಕೂಡಿಸಿ ಬಂದೆವು.