ಬಾಗಿಲ ಹಿಂದೆ ಕೆಂಪು ನೀರು

ಪಟಾಲಮ್ಮನಿಗೆ ಹೆದರಿಕೆ ಅಂಟಿಕೊಂಡಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಲಗ್ಗೆರೆಯ ಹೊಲದಲ್ಲಿ ಮಧ್ಯಾಹ್ನ ಮುದ್ದೆ ಉಂಡು ಹೊಂಗೆ ಮರದ ಕೆಳಗೆ ಒರಗಿದ ಅವಳಪ್ಪ ಮತ್ತೆ ಏಳಲಿಲ್ಲ. ಬುತ್ತಿ ಹೊತ್ತುಕೊಂಡು ಹೋದವಳು ಅವಳೇ. ಅಪ್ಪ ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡು ಪಕ್ಕದಲ್ಲೇ ಕೂತು ಕಲ್ಲಾಟ ಆಡಿದಳು. ಬಿಸಿಲು ಇಳಿದ ಮೇಲೆ ಯಾರೋ ಬಂದು ಮುಟ್ಟಿ ನೋಡಿದಾಗಲೇ ಗೊತ್ತಾಗಿದ್ದು. ಅಂದಿನಿಂದ ಗಂಡಸರು ಯಾರೇ ಕಣ್ಣು ಮುಚ್ಚಿ ಮಲಗಿದರೂ ಅವಳ ನೋಟ ನೇರ ಎದೆಗೆ ಹೋಗುತ್ತಿತ್ತು. ಏರಿಳಿಯುತ್ತಿದೆಯೋ ಇಲ್ಲವೋ ಎಂದು ನೋಡಿಯೇ ಮುಂದಿನ ಕೆಲಸ.

ಮದುವೆಯಾಗಿ ರಾಜಾಜಿನಗರದ ವಠಾರಕ್ಕೆ ಬಂದಳು. ಗಂಡ ಅಂಜಿನಯ್ಯ ಕಾರ್ಖಾನೆಯಲ್ಲಿ ಫಿಟ್ಟರ್. ಅವಳು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಳು. ಅಂಜಿನಯ್ಯನಿಗೆ ನಾಟಕದ ಹುಚ್ಚು. ಕಾರ್ಮಿಕರ ಸಂಘದವರು ವರ್ಷಕ್ಕೊಂದು ಪೌರಾಣಿಕ ನಾಟಕ ಆಡಿದರೆ ರಾಜನ ಪಾತ್ರ ಅವನದೇ, ಅಂಥ ಕಂಠ. ಎಷ್ಟೋ ಸಲ ಅವನು ರಂಗದ ಮೇಲೆ ಸತ್ತಿದ್ದ. ಪಟಾಲಮ್ಮ ಅದನ್ನು ತಡೆದುಕೊಂಡಿದ್ದಳು. ಏಕೆಂದರೆ ಕೊನೆಯಲ್ಲಿ ಸತ್ತವರೂ ಎದ್ದು ಬಂದು, ಎಲ್ಲರ ಜೊತೆ ನಿಂತು ಮಂಗಳ ಹಾಡಿ ಆರತಿ ತೆಗೆದುಕೊಳ್ಳುತ್ತಿದ್ದರು. ಅಲ್ಲಿಗೆ ಆ ಸಾವು ಸುಳ್ಳಾಯಿತು ಅಂತ ಅವಳ ಲೆಕ್ಕ.

ಎಂಬತ್ತಮೂರನೇ ಇಸವಿಯಲ್ಲಿ ಈ ಲೆಕ್ಕ ತಪ್ಪಿತು. ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತ ರೇವಣಸಿದ್ದಪ್ಪ ಅಂಚೆಯಲ್ಲೇ ಓದಿ ಎಂ.ಎ. ಮಾಡಿಕೊಂಡವರು. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕವೊಂದನ್ನು ಕನ್ನಡಕ್ಕೆ ತಂದು, ಈ ಸಲ ಇದೇ ಆಡೋಣ ಎಂದು ಹಠ ಹಿಡಿದರು. ನಾಟಕದ ಬಟ್ಟೆ ಹೊಲಿಸಲು ವಠಾರಕ್ಕೆ ಬಂದವರು ಪಟಾಲಮ್ಮನಿಗೂ ಕಥೆ ಹೇಳಿದರು. ಒಬ್ಬ ರಾಜ ಯುದ್ಧಕ್ಕೆ ಹೊರಟಿದ್ದಾನೆ. ಗಾಳಿ ಬೀಸದೆ ಹಡಗುಗಳು ನಿಂತುಬಿಟ್ಟಿವೆ. ಗಾಳಿ ಬರಲಿ ಅಂತ ಸ್ವಂತ ಮಗಳನ್ನೇ ಬಲಿ ಕೊಡುತ್ತಾನೆ. ಹತ್ತು ವರ್ಷ ಕಾದಾಡಿ ಗೆದ್ದು ಮನೆಗೆ ಬಂದಾಗ ಹೆಂಡತಿ ಕೆಂಪು ಬಟ್ಟೆ ಹಾಸಿ ಒಳಗೆ ಕರೆದು, ಸ್ನಾನದ ಮನೆಯಲ್ಲಿ ಕೊಲ್ಲುತ್ತಾಳೆ. ಆ ದೇಶದವರು ನಾಟಕದಲ್ಲಿ ಕೊಲ್ಲುವುದನ್ನು ಜನರ ಕಣ್ಣೆದುರು ತೋರಿಸುತ್ತಿರಲಿಲ್ಲವಂತೆ. ಬಾಗಿಲ ಹಿಂದಿನಿಂದ ಕೂಗು ಕೇಳುತ್ತದೆ, ಆಮೇಲೆ ಬಾಗಿಲು ತೆರೆದು ಹೆಣ ಹೊರಗೆ ಬರುತ್ತದೆ.

ಪಟಾಲಮ್ಮ ಆ ಮಗುವಿನ ಹೆಸರು ಕೇಳಿದಳು. ಅವರು ಹೇಳಿದ್ದು ಅವಳ ನಾಲಿಗೆಯಲ್ಲಿ ಹೊರಳಲಿಲ್ಲ. ಆದರೂ ರಾಣಿ ಮಾಡಿದ್ದು ಸರಿ ಅನ್ನಿಸಿತು. ಗಂಡನನ್ನು ಕೊಂದವಳ ಪರ ಮನಸ್ಸು ವಾಲಿತಲ್ಲ ಎಂದು ಮರುಕ್ಷಣ ತಾಳಿ ಮುಟ್ಟಿಕೊಂಡಳು. ಕೊನೆಯಲ್ಲಿ ಮಂಗಳ ಯಾರು ಹಾಡುತ್ತಾರೆ ಎಂದು ಕೇಳಿದಳು.

"ಇದರಲ್ಲಿ ಮಂಗಳ ಇಲ್ಲಮ್ಮ," ಎಂದರು ರೇವಣಸಿದ್ದಪ್ಪ. "ಸತ್ತವನು ಸತ್ತ ಹಾಗೇ ಇರ್ತಾನೆ."

ಅಂಜಿನಯ್ಯನಿಗೆ ಇದೆಲ್ಲ ತಮಾಷೆ. ವಠಾರದ ಬಚ್ಚಲಲ್ಲೇ ಸಾಯುವ ಕೂಗು ಅಭ್ಯಾಸ ಮಾಡತೊಡಗಿದ. ಮೊದಲ ದಿನ ಎದುರುಮನೆಯ ಲಕ್ಷ್ಮಿದೇವಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಏನಪ್ಪಾ ಅಂಜಿನಯ್ಯ, ಸ್ನಾನ ಮಾಡ್ತಿದೀಯೋ ಸಾಯ್ತಿದೀಯೋ?"

"ಎರಡೂನೂ ಕಣಕ್ಕಾ," ಒಳಗಿನಿಂದ ದನಿ ಬಂತು. "ಭಾನುವಾರ ಬನ್ನಿ, ಟಿಕೆಟ್ ಇಲ್ಲ."

ಎಲ್ಲರೂ ನಕ್ಕರು. ಪಟಾಲಮ್ಮ ಮೆಷಿನ್ ಮುಂದೆ ಕೂತವಳು ಹೊಲಿಗೆ ತಪ್ಪಿ ರಾಜನ ಬಿಳಿ ನಿಲುವಂಗಿಯ ತೋಳನ್ನು ಬಾಯಿ ಮುಚ್ಚುವ ಹಾಗೆ ಹೊಲಿದುಬಿಟ್ಟಿದ್ದಳು.

ನಾಟಕಕ್ಕೆ ರಕ್ತ ಬೇಕಿತ್ತು. ಅಂಗಡಿಯ ಬಣ್ಣದ ಪುಡಿ ಕಲಸಿದರೆ ಗುಲಾಬಿ ಶರಬತ್ತಿನ ಹಾಗೆ ಕಾಣುತ್ತಿತ್ತು. ಆಗ ಅವಳನ್ನು ಕೇಳಿದರು. ಅವಳಿಗೆ ಗೊತ್ತಿದ್ದ ಕೆಂಪು ಒಂದೇ: ಅರಿಶಿನಕ್ಕೆ ಸುಣ್ಣ ಬೆರೆಸಿದ ಓಕುಳಿ ನೀರು. ಮದುಮಕ್ಕಳಿಗೆ, ಬಾಣಂತಿಗೆ, ಊರಿಂದ ಬಂದವರಿಗೆ ದೃಷ್ಟಿ ತೆಗೆಯುವುದು ಅದರಲ್ಲೇ. ದೀಪದ ಬೆಳಕಿಗೆ ಹಿಡಿದು ನೋಡಿ ರೇವಣಸಿದ್ದಪ್ಪ, ಥೇಟ್ ರಕ್ತ ಅಂದರು. ಕೂಗು ಎರಡು ಸಲ ಆದ ಮೇಲೆ ಅವಳು ಬಾಗಿಲ ಹಿಂದೆ ಗಂಡನ ಎದೆಯ ಮೇಲೆ ಅದನ್ನು ಸುರಿಯಬೇಕು. ಆಮೇಲೆ ಇಬ್ಬರು ಅವನನ್ನು ಗಾಲಿ ಹಲಗೆಯ ಮೇಲೆ ಹೊರಗೆ ತಳ್ಳುತ್ತಾರೆ. ಹಲಗೆಗೆ ಕಾರ್ಖಾನೆಯ ಹಳೆ ಟ್ರಾಲಿಯ ಗಾಲಿ ಜೋಡಿಸಿದವನು ಅಂಜಿನಯ್ಯನೇ. ತನ್ನ ಹೆಣ ಸಾಗಿಸುವ ಗಾಡಿಗೆ ತಾನೇ ಎಣ್ಣೆ ಬಿಡುತ್ತಿದ್ದ. ಅದನ್ನು ನೋಡಲಾರದೆ ಅವಳು ಎದ್ದು ಹೋದಳು.

ಭಾನುವಾರ ನಾಲ್ಕು ಗಂಟೆಗೆ ಸಂಘದ ಸಭಾಂಗಣ ತುಂಬಿತ್ತು. ಕಂಬಗಳಿಗೆ ಒರಗಿಕೊಂಡೂ ಜನ ನಿಂತಿದ್ದರು. ಪಟಾಲಮ್ಮ ಬಾಗಿಲ ಹಿಂದೆ ಕೆಂಪು ನೀರಿನ ಬೋಗುಣಿ ಹಿಡಿದು ಕಾದಿದ್ದಳು. ರಾಜ ಕೆಂಪು ಹಾಸಿನ ಮೇಲೆ ನಡೆದು ಒಳಗೆ ಬಂದ. ಮುಖವೆಲ್ಲ ಬೆವರು. ಎದೆಯ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡ. ಅಷ್ಟು ಜನರ ಕಣ್ಣು ಒಬ್ಬನ ಮೇಲೆ. ಕೈ ತಾನಾಗಿ ಮೇಲೆದ್ದಿತು. ಬೋಗುಣಿಯನ್ನು ಅವನ ಮುಖದ ಸುತ್ತ ಮೂರು ಸಲ ನಿವಾಳಿಸಿದಳು. ಅವನೂ ಅಭ್ಯಾಸಬಲದಿಂದ ತಲೆ ತಗ್ಗಿಸಿ ನಿಂತ. ಆಮೇಲೆ ಹಲಗೆಯ ಮೇಲೆ ಮಲಗಿ ಮೊದಲ ಕೂಗು ಹಾಕಿದ.

ಆ ಕೂಗಿಗೇ ಅವಳಿಗೆ ಹೊಳೆದದ್ದು. ದೃಷ್ಟಿ ತೆಗೆದ ನೀರು ಇದು. ಎಲ್ಲರ ಕಣ್ಣೂ ಈಗ ಈ ಬೋಗುಣಿಯಲ್ಲಿದೆ. ಇದನ್ನು ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕು. ಯಾರೂ ತುಳಿಯಬಾರದು, ತುಳಿದರೆ ತುಳಿದವರಿಗೆ ಅಂಟುತ್ತದೆ. ಅಂಥದ್ದನ್ನು ಅವನ ಎದೆಗೇ ಸುರಿಯಬೇಕೇ?

ಎರಡನೇ ಕೂಗೂ ಆಯಿತು.

"ಹಾಕೇ," ಎಂದು ಅಂಜಿನಯ್ಯ ಮಲಗಿದಲ್ಲೇ ಪಿಸುಗುಟ್ಟಿದ. "ಹಾಕೇ, ತಳ್ತಾರೆ ಈಗ."

ಅವಳು ಹಿಂಬಾಗಿಲಿಗೆ ಓಡಿ ಇಡೀ ಬೋಗುಣಿಯನ್ನು ಹೊರಗಿನ ಓಣಿಗೆ ಚೆಲ್ಲಿದಳು.

ಗಾಲಿ ಉರುಳಿತು. ಬಾಗಿಲ ಸಂದಿನಿಂದ ನೋಡಿದರೆ ರಾಜ ಒಗೆದ ಬಟ್ಟೆಯ ಹಾಗೆ ಬೆಳ್ಳಗೆ ಮಲಗಿದ್ದ. ರಾಣಿಯ ಪಾತ್ರಕ್ಕೆ ಕರೆಸಿದ್ದ ಅಂಬುಜಾ ಅವನ ಎದೆಯ ರಕ್ತ ಕೈಗೆ ಬಳಿದುಕೊಂಡು ಜನರಿಗೆ ತೋರಿಸಬೇಕಿತ್ತು. ಅವಳು ಬಗ್ಗಿದಳು, ರಕ್ತವಿಲ್ಲ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಂಬುಜಾ ಹದಿನೈದು ವರ್ಷ ಕಂಪನಿ ನಾಟಕದಲ್ಲಿ ಪಳಗಿದವಳು. ನಿಧಾನವಾಗಿ ಎದ್ದು ಖಾಲಿ ಕೈಗಳನ್ನು ಚಾಚಿದಳು.

"ಕೊಂದವಳು ನಾನೇ," ಎಂದಳು. ಮುಂದಿನದು ರೇವಣಸಿದ್ದಪ್ಪ ಬರೆದದ್ದಲ್ಲ. "ರಕ್ತ ಹುಡುಕಬೇಡಿ. ಮಗಳನ್ನು ಕೊಟ್ಟ ದಿನವೇ ಇವನ ಮೈಯ ರಕ್ತ ಬತ್ತಿಹೋಗಿತ್ತು."

ಪಟಾಲಮ್ಮನಿಗೆ ಆ ಮಾತು ಕೇಳಿಸಿದರೂ ಒಳಗಿಳಿಯಲಿಲ್ಲ. ಅವಳು ಎದೆ ನೋಡುತ್ತಿದ್ದಳು. ಅಂಜಿನಯ್ಯ ಉಸಿರು ಬಿಗಿಹಿಡಿದು ಮಲಗುವುದರಲ್ಲಿ ಗಟ್ಟಿಗ. ಪರದೆ ಬೀಳುವವರೆಗೂ ಆ ಬಿಳಿ ಬಟ್ಟೆ ಅಲುಗಿದ್ದು ಅವಳಿಗೆ ಒಮ್ಮೆಯೂ ಕಾಣಲಿಲ್ಲ.

ಪರದೆ ಬಿತ್ತು. ಅವನು ಎದ್ದು ಕೂತು ಗಡ್ಡ ಕಿತ್ತು ಗಲ್ಲ ಕೆರೆದುಕೊಂಡ. "ಎಲ್ಲೇ ರಕ್ತ?" ಎಂದು ಎಲ್ಲರ ಮುಂದೆ ರೇಗಿದ. ಕೈ ಜಾರಿ ಚೆಲ್ಲಿಹೋಯಿತು ಅಂದಳು. ಅವನು ಬೈಯುತ್ತಲೇ ಇದ್ದ. ಅವಳು ಕಂಬ ಹಿಡಿದು ನಿಂತು ಬೈಗುಳವನ್ನೆಲ್ಲ ಕೇಳಿದಳು. ಇನ್ನಷ್ಟು ಬೈಯಲಿ ಅನ್ನಿಸಿತು.

ಅಷ್ಟರಲ್ಲಿ ರೇವಣಸಿದ್ದಪ್ಪ ಹಿಂಬಾಗಿಲಿನಿಂದ ಒಳಗೆ ಬಂದರು. ಜನ ಅಂಬುಜಾಳ ಮಾತನ್ನೇ ಹೊಗಳುತ್ತಿದ್ದಾರೆ, ಮುಂದೆ ಕೆಂಗೇರಿಯಲ್ಲಿ ಆಡಲಿರುವ ಆಟಕ್ಕೂ ರಕ್ತ ಬೇಡವೇ ಬೇಡ ಎಂದು ಖುಷಿಯಲ್ಲಿದ್ದರು. ಪಟಾಲಮ್ಮ ಅವರ ಮುಖ ನೋಡಲಿಲ್ಲ. ಅವರ ಚಪ್ಪಲಿ ನೋಡಿದಳು. ಹಿಂಬಾಗಿಲಿನಿಂದ ಹಲಗೆಯವರೆಗೂ ಸಿಮೆಂಟಿನ ಮೇಲೆ ಒಂದೊಂದು ಹೆಜ್ಜೆಯೂ ಕೆಂಪಗೆ ಮೂಡಿತ್ತು.

"ಸಾರ್, ಕಾಲು ತೊಳ್ಕೊಳ್ಳಿ," ಎಂದಳು.

"ಆಮೇಲೆ ತೊಳ್ಕೋತೀನಿ ಬಿಡಮ್ಮ."

"ಈಗಲೇ ತೊಳ್ಕೊಳ್ಳಿ ಸಾರ್, ನಿಮ್ಮ ದಮ್ಮಯ್ಯ."

ತಾನೇ ಕೊಡ ತಂದು ಅವರ ಪಾದಕ್ಕೆ ನೀರು ಹೊಯ್ದಳು. ಅವರು ಸಂಕೋಚದಿಂದ ಹಿಂದೆ ಸರಿದರು. ಹೆಂಗಸಿಗೆ ಏನೋ ತಲೆ ಕೆಟ್ಟಿದೆ ಎಂದು ಅಂಜಿನಯ್ಯ ನಕ್ಕು, ಉಳಿದವರನ್ನೂ ನಗಿಸಿದ. ಅವಳು ಮಂಡಿಯೂರಿ ಹೆಜ್ಜೆ ಗುರುತುಗಳನ್ನು ಸೆರಗಿನಿಂದಲೇ ಒರೆಸಿದಳು. ಸುಣ್ಣದ ಕೆಂಪು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಬುಧವಾರ ರೇವಣಸಿದ್ದಪ್ಪನವರಿಗೆ ಜ್ವರ ಬಂತು. ಸುದ್ದಿ ಕೇಳಿ ಅವಳು ಆ ಹೊತ್ತಿನ ಅನ್ನ ಮುಟ್ಟಲಿಲ್ಲ. ಮೆಣಸಿನ ಕಷಾಯ ಮಾಡಿ ಡಬ್ಬಿಗೆ ಹಾಕಿ, ಬಸವೇಶ್ವರನಗರದ ಅವರ ಮನೆಗೆ ನಡೆದೇ ಹೋಗಿ ಕೊಟ್ಟು ಬಂದಳು. ಸೋಮವಾರದ ಹೊತ್ತಿಗೆ ಅವರು ಕೆಲಸಕ್ಕೆ ಬಂದರು. ಆದರೂ ಅವಳಿಗೆ ನಂಬಿಕೆ ಹುಟ್ಟಲಿಲ್ಲ.

ಅಲ್ಲಿಂದ ಮುಂದೆ ದಿನಾ ಸಂಜೆ ಅಂಜಿನಯ್ಯ ಶಿಫ್ಟ್ ಮುಗಿಸಿ ಬಂದು ಸೈಕಲ್ ಒರಗಿಸುವ ಮೊದಲೇ ಅವಳ ಪ್ರಶ್ನೆ ಬರುತ್ತಿತ್ತು, ಸ್ಟೋರ್ಸ್ ಸಾರ್ ಇವತ್ತು ಬಂದಿದ್ದರಾ ಎಂದು. ಗಂಡನ ಬದಲು ಗುಮಾಸ್ತನ ಮೇಲೆ ಇಷ್ಟೇಕೆ ಕಾಳಜಿ ಎಂದು ಅವನು ಕೆಣಕುತ್ತಿದ್ದ. ಬಂದಿದ್ದರು ಎಂಬ ಮಾತು ಅವನ ಬಾಯಿಂದ ಬಿದ್ದ ಮೇಲೆಯೇ ಒಳಗೆ ಹೋಗಿ ಸ್ಟವ್ ಹಚ್ಚುತ್ತಿದ್ದಳು.