ಬಿಚ್ಚಿಟ್ಟ ಯಂತ್ರದ ಒಂಬತ್ತು ಉತ್ತರಗಳು

ದೆವ್ವ, ಪವಾಡಗಳ ಸುದ್ದಿ ಡೆಸ್ಕಿಗೆ ಬಂದರೆ ನಾನು ಓದದೆಯೇ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಈಗ ಬಂದರೂ ಹಾಕುತ್ತೇನೆ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇದಕ್ಕೆ ಇಬ್ಬರು ಸಾಕ್ಷಿಗಳಿದ್ದೇವೆ. ಒಬ್ಬರೇ ಹೇಳಿದ್ದನ್ನು ಅಚ್ಚಿಗೆ ಕಳಿಸಬಾರದೆಂಬುದು ಫೋರ್ಟಿನ ನಮ್ಮ ಪತ್ರಿಕಾ ಕಚೇರಿಯಲ್ಲಿ ಕಲಿತ ಪಾಠ.

ತೊಂಬತ್ತರ ದಶಕದ ಆರಂಭ. ಕಾಂದಿವಲಿಯ ನಮ್ಮ ಫ್ಲ್ಯಾಟಿನಲ್ಲಿ, ಹಳತಾಯಿತೆಂದು ಯಾರೋ ಮಾರಿದ್ದ ಎರಡು ಕಂಪ್ಯೂಟರುಗಳಿದ್ದವು. ಹಾಲ್‌ನಲ್ಲೊಂದು, ಒಳಕೋಣೆಯಲ್ಲೊಂದು, ನಡುವೆ ಬಾಗಿಲ ಸಂದಿಯಲ್ಲಿ ಹಾದ ಕರಿಯ ಕೇಬಲ್. ಪರೇಲ್‌ನಲ್ಲಿದ್ದ ಧಾರವಾಡದ ಗೆಳೆಯ, ಇಂಜಿನಿಯರ್ ದೇಶಪಾಂಡೆ ಜೋಡಿಸಿಕೊಟ್ಟದ್ದು. ಹೆಂಡತಿ ಸುನಂದಾಳ ಪಿಎಚ್.ಡಿ. ಪ್ರಬಂಧ ಒಳಕೋಣೆಯ ಯಂತ್ರದಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ.

ಒಂದು ಭಾನುವಾರ ಊಟದ ಹೊತ್ತಿಗೆ ಆ ಯಂತ್ರ ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ಪ್ರಬಂಧ ಒಪ್ಪಿಸಲು ವಾರವಷ್ಟೇ ಉಳಿದಿತ್ತು. ಅದಕ್ಕೆ ವಿದ್ಯುತ್ ಕೊಡುವ ಡಬ್ಬಿಯನ್ನೇ ಬಿಚ್ಚಿ, ರಿಪೇರಿಗೆ ಒಯ್ಯಲೆಂದು ಊಟದ ಮೇಜಿನ ಮೇಲಿಟ್ಟೆ. ಹಾಲ್‌ನ ಯಂತ್ರಕ್ಕೂ ಪೆಟ್ಟಾಗಿದೆಯೇ ಎಂದು ತಿಳಿಯಲು ದೇಶಪಾಂಡೆಗೆ ಫೋನ್ ಮಾಡಿದೆ.

“ಮೊದಲ ಪಿಂಗ್ ಹೊಡೀರಿ,” ಎಂದ. ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೇಳುವ ಆಜ್ಞೆ ಅದು. “ಹೊರಗಿಂದು ತನ್ನ ನಂಬರಿಗೆ ತಾನ ಉತ್ತರ ಕೊಡಬೇಕು. ಒಳಗಿಂದು ಸತ್ತದ, ಕೊಡಂಗಿಲ್ಲ. ಹಂಗಾದ್ರ ಹೊರಗಿಂದು ಸರಿ ಅದ ಅಂತ ತಿಳ್ಕೋರಿ.”

ಹಾಲ್‌ನ ಯಂತ್ರ ತನ್ನ ನಂಬರಿಗೆ ಸರಿಯಾಗಿ ಉತ್ತರ ಕೊಟ್ಟಿತು. ಒಳಕೋಣೆಯ ನಂಬರ್ ಹೊಡೆದೆ. ಪರದೆಯ ಮೇಲೆ ಉತ್ತರ ಬಂತು. ಮತ್ತೊಂದು ಬಂತು. ದೇಶಪಾಂಡೆ ನಂಬರ್ ಬರೆದುಕೊಟ್ಟಿದ್ದ ಚೀಟಿ ನೋಡಿದೆ, ತಪ್ಪಿರಲಿಲ್ಲ. ಕೇಬಲ್ಲಿಗೆ ಮೂರನೆಯ ಯಂತ್ರವೂ ಇರಲಿಲ್ಲ.

“ಅರೇ, ಮಾತಾಡ್ತಿದೆಯಲ್ರೀ! ಜಲ್ದಿ ನನ್ನ ಫೈಲ್ ಕಾಪಿ ಮಾಡ್ಕೊಳ್ಳಿ,” ಎಂದಳು ಸುನಂದಾ.

“ಒಂದ್ನಿಮಿಷ, ಕನ್ಫರ್ಮ್ ಮಾಡ್ಕೋತೀನಿ.”

“ಇದೇನು ಫ್ರಂಟ್ ಪೇಜ್ ಸುದ್ದೀನಾ? ಮೊದಲು ಫೈಲ್!”

ಅಷ್ಟರಲ್ಲಿ ನಾನು, ಉತ್ತರ ಅಲ್ಲಿಂದಲೇ ಬರುತ್ತಿದೆಯೇ ಎಂದು ನೋಡಲು ಒಳಗೆ ಹೋಗಿ, ಹೊಟ್ಟೆ ತೆರೆದು ತಣ್ಣಗೆ ಕೂತಿದ್ದ ಆ ಯಂತ್ರದ ಹಿಂದಿನ ಕೇಬಲ್ ಕಿತ್ತಿದ್ದೆ. ಪರದೆಯ ಮೇಲೆ ಒಂಬತ್ತು ಉತ್ತರ ಬಂದು ನಿಂತಿತ್ತು. ಮತ್ತೆ ಸಿಕ್ಕಿಸಿದೆ. ಸಂಜೆಯವರೆಗೆ ಪಿಂಗ್ ಹೊಡೆದು ಕೇಳಿದೆವು. ಬರಲೇ ಇಲ್ಲ. ಮರುದಿನ ರಿಪೇರಿಯವನು ಫೈಲುಗಳಿದ್ದ ಡಿಸ್ಕೇ ಸುಟ್ಟಿದೆ ಎಂದ. ಸುನಂದಾ ಪ್ರಬಂಧವನ್ನು ಮೊದಲಿನಿಂದ ಬರೆದಳು. ಎರಡು ವರ್ಷ ಹಿಡಿಯಿತು.

“ನೀವು ಎರಡನೇ ಸಲಾನೂ ಹಾಲ್‌ನ ನಂಬರ್ರ ಹೊಡದೀರಿ, ಸಾಹೇಬ್ರ,” ಎಂದು ದೇಶಪಾಂಡೆ ಇವತ್ತಿಗೂ ನಗುತ್ತಾನೆ. ಹಾಗಾದರೆ ಒಳಕೋಣೆಯ ಕೇಬಲ್ ಕಿತ್ತಾಗ ಅದು ನಿಂತದ್ದೇಕೆ? ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಆದದ್ದನ್ನು ಆಗಲಿಲ್ಲ ಎನ್ನಲಾರೆ. ಕಿತ್ತು ನೋಡಿದ್ದು ತಪ್ಪೆಂದೂ ಒಪ್ಪಲಾರೆ.

ಅಂದು ಸಂಜೆಯೇ ನೋಟ್‌ಬುಕ್ಕಿನಲ್ಲಿ ಬರೆದೆ: ಒಂಬತ್ತು ಉತ್ತರ, ಯಂತ್ರಕ್ಕೆ ವಿದ್ಯುತ್ ಇಲ್ಲ. ನನ್ನ ಸಹಿ ಹಾಕಿ, ಎರಡನೆಯ ಸಹಿಗೆಂದು ಸುನಂದಾಳ ಮುಂದಿಟ್ಟೆ. ಅವಳು ಪೆನ್ನು ಕಿತ್ತುಕೊಂಡು ಸಹಿ ಮಾಡಿದಳು.

“ಬಂದಿದ್ದಕ್ಕೆ ಮಾತ್ರ ಸಹಿ,” ಎಂದಳು. “ನೀವು ಕಿತ್ತಿದ್ದಕ್ಕಲ್ಲ.”