ಕೊಟ್ರಬಸಮ್ಮನ ಮೂಗು, ಎರಡನೇ ಸಲ

ಕಂಪ್ಲಿಯ ಅಕ್ಕಿ ಅಂಗಡಿಯ ಕೊಟ್ರಬಸಮ್ಮ ಒಂದು ಹಿಡಿ ಅಕ್ಕಿ ಮೂಸಿದರೆ ಸಾಕು, ಹಳೇದೋ ಹೊಸದೋ ಹೇಳಿಬಿಡುತ್ತಿದ್ದಳು. ಹೊಸ ಅಕ್ಕಿಯನ್ನು ಹಳೇದೆಂದು ಮಾರಲು ಬಂದ ಮಿಲ್ಲಿನವರು ಬೆವರೊರೆಸಿಕೊಂಡೇ ಮೆಟ್ಟಿಲಿಳಿಯುತ್ತಿದ್ದರು. ಅಂಥ ಮೂಗಿನ ಮೇಲೆ ಎರಡು ವರ್ಷದ ಹಿಂದೆ ಅಕ್ಕಿ ಚೀಲವೇ ಉರುಳಿಬಿತ್ತು. ಮೂಳೆ ಮುರಿದು, ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ತಿಂಗಳೊಪ್ಪತ್ತಿನಲ್ಲಿ ಮೂಗು ಎಡಕ್ಕೆ ವಾಲಿ ನಿಂತಿತು. ಉಸಿರೂ ಇಲ್ಲ, ವಾಸನೆಯೂ ಇಲ್ಲ.

ಅವತ್ತಿನಿಂದ ಅವಳ ಸಿಟ್ಟು ಅಂಗಡಿಗಿಂತ ಮೊದಲೇ ಬಾಗಿಲು ತೆರೆಯುತ್ತಿತ್ತು. ಮೂರು ಸಲ ಬಳ್ಳಾರಿ ಬಸ್ಸು ಹತ್ತಿ ಜಗಳಾಡಿ ಬಂದಳು. "ನಾ ಪಟ್ಟಿ ಬಿಚ್ಚಿದಾಗ ನೆಟ್ಟಗಿತ್ತಮ್ಮ" ಎಂದ ಡಾಕ್ಟರಿಗೆ, "ಹಂಗಾರ ಬಸ್ಸಿನ್ಯಾಗ ಸೊಟ್ಟಾತೇನ್ರಿ?" ಎಂದಳು. ಇತ್ತ ಮಿಲ್ಲಿನವರು ಹಲ್ಲು ಕಿರಿಯುತ್ತ ಹೊಸ ಅಕ್ಕಿ ಇಳಿಸಿದರು. ಗಿರಾಕಿಗಳು ಚೀಲ ವಾಪಸ್ ತಂದರು: "ಯಕ್ಕಾ, ಇದು ಅನ್ನ ಏನು, ಗಂಜಿ ಏನು?"

ಕಡೆಗೆ ಗಂಡ ಜಡೆಪ್ಪನ ಜೊತೆ ಹೊಸಪೇಟೆಯ ಡಾಕ್ಟರ್ ಗಂಗಾಂಬಿಕಾ ಹತ್ತಿರ ಹೋದಳು. ಅವರು ಮೂಗೊಳಗೆ ಬೆಳಕು ಬಿಟ್ಟು ನೋಡಿ, "ಪಕ್ಕೆಲುಬಿನ ಮೆದು ಮೂಳೆ ತೆಗೆದು ಇಲ್ಲಿ ಕೂರಿಸ್ಬೇಕು. ಮೊದಲನೇ ಆಪರೇಷನ್ ಆದ್ಮೇಲೆ ಯಾರಾದ್ರೂ ಮೂಗು ಮುಟ್ಟಿದ್ರಾ?" ಎಂದರು.

"ಯಾರು ಮುಟ್ತಾರ್ರಿ!" ಕೊಟ್ರಬಸಮ್ಮ ಗುಡುಗಿದಳು.

ಜಡೆಪ್ಪ ಕೆಮ್ಮಿದ. "ಉಚ್ಚೆಂಗಮ್ಮ..."

"ನೀ ಸುಮ್ನಿರು."

ಉಚ್ಚೆಂಗಮ್ಮ ಓಣಿಯ ಕೂಸುಗಳಿಗೆ ನೀರೆರೆಯುವ ಮುದುಕಿ. ಹರಳೆಣ್ಣೆ ಹಚ್ಚಿ, ಎರಡು ಬೆರಳಲ್ಲಿ ಕೂಸಿನ ಮೂಗು ತೀಡಿ ತೀಡಿ ನೀಳ ಮಾಡುವಾಕೆ. ಪಟ್ಟಿ ಬಿಚ್ಚಿದ ಮಾರನೇ ದಿನ ಬಂದು, "ಇದೇನವ್ವ, ಬದನೇಕಾಯಿ ಆಗೇತಿ" ಎಂದು ಐದು ದಿನ ತೀಡಿದ್ದಳು. ಕೊಟ್ರಬಸಮ್ಮ ಕಣ್ಣೀರು ಸುರಿಸುತ್ತಲೇ ಮುಖ ಒಡ್ಡಿದ್ದಳು. ಜಡೆಪ್ಪ ಇಷ್ಟನ್ನೂ ಹೇಳಿಬಿಟ್ಟ.

"ಈ ಸಲಾನೂ ತೀಡಿಸ್ಕೊಳ್ಳೋದಾದ್ರೆ ನಾ ಕತ್ತಿ ಹಿಡಿಯಲ್ಲ." ಡಾಕ್ಟರು ಫೈಲು ಮುಚ್ಚಿದರು. "ಮತ್ತೆ ಕೆಟ್ರೆ ಸರಿ ಮಾಡೋಕೆ ಏನೂ ಉಳಿಯಲ್ಲ."

ವರ್ಷಗಟ್ಟಲೆ ಬಳ್ಳಾರಿಗೆ ಹೊತ್ತೊಯ್ದ ಸಿಟ್ಟನ್ನು ಇಳಿಸಲು ಕೊಟ್ರಬಸಮ್ಮನಿಗೆ ಜಾಗವೇ ಸಿಗಲಿಲ್ಲ. ಮೇಜು ಗುದ್ದಿದಳು. "ತೀಡಿಸ್ಕಂಡೆ ರೀ! ನಾನೇ ಕರೆಸಿದ್ದೆ, ನಾನೇ ಕುಂತಿದ್ದೆ! ಬರ್ಕೋರಿ! ಇನ್ನ ಯಾರನ್ನೂ ಮುಟ್ಟಾಕ ಬಿಡಂಗಿಲ್ಲ, ಕೊಯ್ರಿ!"

ಕೊಯ್ದು ಐದು ತಿಂಗಳಾಯಿತು. ಮೂಗು ನೆಟ್ಟಗಾಗಿದೆ, ತುದಿ ಮಾತ್ರ ಎಳ್ಳಿನಷ್ಟು ಎಡಕ್ಕಿದೆ. ಮೊನ್ನೆ ಮಿಲ್ಲಿನ ಮಲ್ಲೇಶ್ ಚೀಲ ಇಳಿಸುವಾಗ ಒಂದು ಹಿಡಿ ಮೂಸಿ, "ಲೇ, ಈ ಸುಗ್ಗಿದು ಇದು. ವಾಪಸ್ ಏರಿಸು" ಅಂದಳು.

ಬಳ್ಳಾರಿಯ ಡಾಕ್ಟರಿಗೆ ಅವಳು ಇನ್ನೂ ತಪ್ಪಾಯಿತೆಂದಿಲ್ಲ. ಮುಟ್ಟಬೇಡ ಅಂತ ಅವರು ಇನ್ನಷ್ಟು ಗದರಿಸಿ ಹೇಳಬೇಕಿತ್ತು ಎಂಬುದು ಅವಳ ಈಗಿನ ದೂರು.